ಬುಟ್ಟಿಮರದ ದಾರಿ

ಇಸಿಡೋರ್ ಅಜ್ಜ ಮರವನ್ನು ಹೆಬ್ಬೆರಳಿನಿಂದ ಗುರುತಿಸುತ್ತಿದ್ದರು. ಎಂಥ ಚಳಿಯಿದ್ದರೂ ಕೈಗವಸು ತೆಗೆದು ತೊಗಟೆಯ ಮೇಲೆ ಬೆರಳಿಟ್ಟು ಒತ್ತುತ್ತಿದ್ದರು. ಗಟ್ಟಿ ಏಣುಗಳು ಬಲೆಯ ಕಣ್ಣಿನ ಹಾಗೆ ಹೆಣೆದುಕೊಂಡು ಬೆರಳಿಗೆ ಎದುರು ನಿಂತರೆ ಅದು ಬಿಳಿ ಆ್ಯಶ್. ಕೊಡಲಿಯ ಕಾವಿಗೆ ಒಳ್ಳೆಯದು, ಬುಟ್ಟಿಗೆ ಬಾರದು. ತೊಗಟೆ ಬೆಂಡಿನ ಹಾಗೆ ಮೆತ್ತಗೆ ತಗ್ಗಿದರೆ, ಉಜ್ಜಿದಾಗ ಬೂದು ಪುಡಿ ಉದುರಿ ಬೆರಳಿಗೆ ಹತ್ತಿದರೆ, ಅದು ಕಂದು ಆ್ಯಶ್. ಆಗ ಅಜ್ಜ ಜೇಬಿನಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ಮರದ ಬುಡದಲ್ಲಿ ಕಾಣಿಕೆಯಾಗಿ ಇಡುತ್ತಿದ್ದರು. ಕೊಡಲಿ ಎತ್ತುವುದು ಆಮೇಲೆ.

ಕಂದು ಆ್ಯಶ್‌ಗೆ ನಮ್ಮ ಮಿಕ್‌ಮಾಕ್ ಬುಡಕಟ್ಟಿನ ಹಳಬರು ವಿಸ್‌ಕೋಕ್ ಎನ್ನುತ್ತಿದ್ದರು. ಈಗ ಎಲ್ಲರ ಬಾಯಲ್ಲೂ ಅದು ಬರೀ ಬುಟ್ಟಿಮರ. ದಿಮ್ಮಿಯನ್ನು ಅಡ್ಡ ಮಲಗಿಸಿ ಕೊಡಲಿಯ ಹಿಂಬದಿಯಿಂದ ಒಂದೇ ಸಮ ಬಡಿಯುತ್ತ ಹೋದರೆ, ಅದು ಬೆಳೆದ ವರ್ಷಗಳು ಒಂದೊಂದಾಗಿ ಬಿಟ್ಟುಕೊಂಡು ಉದ್ದನೆಯ ಪಟ್ಟಿಗಳಾಗಿ ಏಳುತ್ತವೆ. ಹೊರಗಿನದು, ಅಂದರೆ ಕಳೆದ ವರ್ಷದ್ದು, ಮೊದಲು ಏಳುತ್ತದೆ. ಬೇರೆ ಯಾವ ಮರವೂ ಹೀಗೆ ತನ್ನ ವರ್ಷಗಳನ್ನು ಬಿಚ್ಚಿಕೊಡುವುದಿಲ್ಲ. ಆರೂಸ್ಟುಕ್ ನದಿಯ ಆಚೀಚೆ ಆಲೂಗಡ್ಡೆ ಕೀಳುವ ಕಾಲದಲ್ಲಿ ಹೊಲದ ತುಂಬ ಇದ್ದದ್ದು ಈ ಮರದ ಬುಟ್ಟಿಗಳೇ. ಯಂತ್ರಗಳು ಬಂದ ಮೇಲೆ ಹೊಲದವರು ಕೊಳ್ಳುವುದನ್ನು ಬಿಟ್ಟರು. ಆದರೂ ಇಸಿಡೋರ್ ಅಜ್ಜನ ಹೆಂಡತಿ ಫಿಲೊಮೆನ್ ಅಜ್ಜಿ ಹೆಣೆಯುವುದನ್ನು ಬಿಡಲಿಲ್ಲ. ಅಜ್ಜ ಮರ ತರುವುದನ್ನೂ ಬಿಡಲಿಲ್ಲ. ನಮ್ಮ ಮನೆ ಅವರ ಮನೆಯ ಎದುರಿಗೇ ಇರುವುದರಿಂದ ಆ ಬಡಿತ ಕೇಳಿಯೇ ನಮಗೆ ಬೇಸಿಗೆ ಬಂದಿತೆಂದು ಗೊತ್ತಾಗುತ್ತಿತ್ತು.

ಒಮ್ಮೆ ಮೇಲಿನ ರಸ್ತೆಯ ಒಬ್ಬರು ಒಂದು ದಿಮ್ಮಿ ತಂದು, "ಅಜ್ಜಾ, ನಿಮಗೋಸ್ಕರ ಬುಟ್ಟಿಮರ ತಂದಿದ್ದೀನಿ" ಎಂದು ಅಂಗಳದಲ್ಲಿ ಇಳಿಸಿದರು. ಅದು ಬಿಳಿ ಆ್ಯಶ್ ಎಂದು ಅಜ್ಜನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೆ ತಂದವರ ಮುಖ ನೋಡಿ ಏನೂ ಹೇಳದೆ ಮಧ್ಯಾಹ್ನದವರೆಗೂ ಬಡಿದರು. ಸಂಜೆ ಅವರು ಬಂದು, "ಬಿಟ್ಟಿತಾ ಅಜ್ಜಾ?" ಎಂದು ಕೇಳಿದರು.

"ಬಿಡ್ತು."

"ಪಟ್ಟಿ ಎಲ್ಲಿ?"

"ಪಟ್ಟಿ ಅಲ್ಲಪ್ಪಾ, ನನ್ನ ಭುಜದ ಕೀಲು ಬಿಡ್ತು."

ಎಲೆ ಇದ್ದಾಗ ಗುರುತಿಸುವುದು ದೊಡ್ಡ ವಿಷಯವಲ್ಲ ಎಂದು ಅಜ್ಜ ಹೇಳುತ್ತಿದ್ದರು. ಕೊಂಬೆಗಳು ಎದುರುಬದುರಾಗಿ ಹೊರಟಿದ್ದರೆ ಅದು ಮೇಪಲ್ ಇರಬೇಕು, ಇಲ್ಲವೇ ಆ್ಯಶ್. ಒಂದೇ ದಂಟಿನ ಎರಡು ಕಡೆ ಕಿರುಎಲೆಗಳ ಸಾಲು ಇದ್ದರೆ ಆ್ಯಶ್. ಬಿಳಿ ಆ್ಯಶ್‌ನ ಕಿರುಎಲೆಗೆ ಪುಟ್ಟ ತೊಟ್ಟು ಇರುತ್ತದೆ. ಬುಟ್ಟಿಮರದ್ದಕ್ಕೆ ಇರುವುದಿಲ್ಲ; ಅಮ್ಮನ ಸೊಂಟ ಬಿಡದ ಕೂಸಿನ ಹಾಗೆ ದಂಟಿಗೇ ಅಂಟಿಕೊಂಡಿರುತ್ತದೆ. ಕಾಯಿ ಸಿಕ್ಕರೆ ಇನ್ನೂ ಸುಲಭ. ಬಿಳಿ ಆ್ಯಶ್‌ನ ಕಾಯಿಗೆ ರೆಕ್ಕೆ ಒಂದು ತುದಿಗೆ ಮಾತ್ರ. ಬುಟ್ಟಿಮರದ ಕಾಯಿಯಲ್ಲಿ ರೆಕ್ಕೆ ಬೀಜವನ್ನು ಸುತ್ತುವರಿದಿರುತ್ತದೆ, ಎರಡೂ ತುದಿ ಮೊಂಡಾಗಿ, ಒದ್ದೆ ಬಟ್ಟೆ ಹಿಂಡಿದಂತೆ ಸ್ವಲ್ಪ ತಿರುಚಿರುತ್ತದೆ. ಆದರೆ ಅದು ವರ್ಷ ವರ್ಷ ಕಾಯಿ ಬಿಡುವ ಮರವಲ್ಲ. ಮನಸ್ಸಾದಾಗ ಬಿಡುತ್ತದೆ. ವಸಂತದಲ್ಲಿ ಎಲ್ಲ ಮರಗಳೂ ಉಟ್ಟುಕೊಂಡ ಮೇಲೆ ಕೊನೆಗೆ ಎಲೆ ಉಡುವುದು ಅದು, ಶರತ್ಕಾಲದಲ್ಲಿ ಮೊದಲು ಬಿಚ್ಚುವುದೂ ಅದೇ.

"ನಿಮ್ಮ ಹಾಗೇ" ಎಂದು ಅಜ್ಜಿ ಚುಚ್ಚುತ್ತಿದ್ದರು. "ಕೊನೆಗೆ ಏಳೋದು, ಎಲ್ಲರಿಗಿಂತ ಮೊದಲು ಮಲಗೋದು."

ಮರ ಗುರುತಿಸುವುದನ್ನು ಅಜ್ಜ ಕೇಳಿದವರಿಗೆಲ್ಲ ಹೇಳಿಕೊಡುತ್ತಿದ್ದರು. ಆದರೆ ಮರ ಎಲ್ಲಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ನಮ್ಮಲ್ಲಿ ಬುಟ್ಟಿಮರದ ಮನೆತನಗಳೆಲ್ಲ ಹೀಗೆಯೇ. ನೂರು ಮರಗಳಲ್ಲಿ ಒಂದೆರಡೇ ಬುಟ್ಟಿಗೆ ಆಗುವಂಥವು. ಅವು ನಿಂತಿರುವ ಜೌಗು ಎಲ್ಲಿದೆ ಎನ್ನುವುದೇ ಮನೆತನದ ಆಸ್ತಿ. ಅಜ್ಜನ ಲಬೋಬ್ ಮನೆತನದಲ್ಲಿ ಅದನ್ನು ಒಬ್ಬರಿಗೆ ಮಾತ್ರ ಹೇಳುತ್ತಾರೆ. ಅದಕ್ಕೂ ಒಂದು ಕ್ರಮ ಇದೆ. ಹೇಳುವವರು, ಕೇಳುವವರು ಇಬ್ಬರೂ ಒಂದೇ ದಿಮ್ಮಿಯ ಎರಡು ತುದಿಗೆ ನಿಂತು ಬಡಿಯಬೇಕು. ಮೊದಲ ಪಟ್ಟಿ ಮುರಿಯದೆ ಎದ್ದ ಮೇಲೆ ದಾರಿ ಹೇಳಬೇಕು. ಅಜ್ಜನಿಗೆ ಅವರ ಅಪ್ಪ ಹೇಳಿದ್ದು ಹಾಗೆ.

ಅಜ್ಜ ಆ ಕ್ರಮವನ್ನು ಒಂದು ಸಲ ಮುರಿದಿದ್ದರು. ವಯಸ್ಸಿನಲ್ಲಿದ್ದಾಗ, ಬೆನ್ನು ಹಿಡಿದುಕೊಂಡಿದ್ದರಿಂದ, ದಿಮ್ಮಿ ಎಳೆಯಲು ತಮ್ಮ ನೋಯೆಲ್‌ನನ್ನು ಜೌಗಿಗೆ ಕರೆದುಕೊಂಡು ಹೋದರು. ಮುಂದಿನ ಚಳಿಗಾಲ ಅಜ್ಜ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಎದ್ದು ಓಡಾಡುವಂತಾಗಿ ಜೌಗಿಗೆ ಹೋದಾಗ ಬುಡಗಳು ಮಾತ್ರ ಇದ್ದವು. ನೋಯೆಲ್ ಎಲ್ಲವನ್ನೂ ಕಡಿದು ಒಬ್ಬ ವ್ಯಾಪಾರಿಗೆ ಲಾರಿಗಟ್ಟಲೆ ಮಾರಿದ್ದ. ಅಣ್ಣತಮ್ಮಂದಿರು ಆಮೇಲೆ ಮಾತಾಡಲಿಲ್ಲ. ನೋಯೆಲ್ ಸತ್ತಾಗ ಅಜ್ಜ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು, ಊಟಕ್ಕೆ ನಿಲ್ಲದೆ ಬಂದರು.

ಆ ನಂತರ ಅಜ್ಜ ಬೇರೆ ಜೌಗನ್ನು ಹುಡುಕಿಕೊಂಡರು. ಅದು ಎಲ್ಲಿದೆ ಎಂದು ಅಜ್ಜಿಗೂ ಗೊತ್ತಿರಲಿಲ್ಲ.

"ಬೇರೆ ಹೆಂಗಸಿನ ಮನೆಗೆ ಹೋಗೋರೂ ಇಷ್ಟು ಗುಟ್ಟು ಮಾಡಲ್ಲ" ಎಂದು ಅಜ್ಜಿ ಹೇಳುತ್ತಿದ್ದರು.

"ಆ ಹೆಂಗಸು ಕೊಡೋ ಪಟ್ಟಿಯಿಂದಲೇ ನೀನು ಬುಟ್ಟಿ ಹೆಣೀತಿರೋದು" ಎಂದು ಅಜ್ಜ ತಿರುಗಿಸುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಲಬೋಬ್ ಮನೆತನದಲ್ಲಿ ಮುಂದಿನ ತಲೆಮಾರು ಎಂದರೆ ನೋಯೆಲ್‌ನ ಮಗಳು ರೊಂಡಾ ಒಬ್ಬಳೇ. ಅವಳು ನಮ್ಮ ಜನಾಂಗದ ಅರಣ್ಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ದೊಡ್ಡಪ್ಪನ ಮನೆಗೆ ಹಬ್ಬಕ್ಕೆ ಬರುತ್ತಿದ್ದಳು, ಕೇಕ್ ತರುತ್ತಿದ್ದಳು. ಮರದ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಅವಳು ಆ ಮಾತು ಎತ್ತಿದ್ದು ಒಂದು ಫೆಬ್ರವರಿಯಲ್ಲಿ. ಅದಕ್ಕೆ ಹಿಂದೆ ಅಜ್ಜ ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಎರಡು ಮೂರು ವರ್ಷ ಕಾಡಿಗೆ ಹೋಗಿರಲಿಲ್ಲ. ಮುಂಚೆ ಕಡಿದು ಹಳ್ಳದ ನೀರಿನಲ್ಲಿ ಮುಳುಗಿಸಿಟ್ಟಿದ್ದ ದಿಮ್ಮಿಗಳನ್ನೇ ಒಂದೊಂದಾಗಿ ಎತ್ತಿ ಬಡಿಯುತ್ತಿದ್ದರು. ಅವೂ ಮುಗಿಯುತ್ತ ಬಂದಿದ್ದವು. ಅವತ್ತು ಅಜ್ಜಿ ಪಟ್ಟಿಗಳನ್ನು ನೆನೆಹಾಕಿಕೊಂಡು ಕೂತಿದ್ದರು. ಪಟ್ಟಿ ಹೆರೆದುಕೊಡಲು ನಾನು ಚಾಕು ಹಿಡಿದು ಅವರ ಪಕ್ಕ ಇದ್ದೆ. ರೊಂಡಾ ಬೂಟಿನ ಹಿಮ ಕೊಡವಿ ಒಳಗೆ ಬಂದು, ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿಯಲಿಲ್ಲ.

"ದೊಡ್ಡಪ್ಪ, ಹುಳ ನದಿ ದಾಟಿದೆ."

"ನಿನ್ನ ಆ ಕಚೇರಿಯಿಂದ ಬರೋದೆಲ್ಲ ಹುಳದ ಸುದ್ದಿನೇ. ರೊಟ್ಟಿ ತಿನ್ನು. ಕಾಕಂಬಿ ಅಲ್ಲಿದೆ."

"ಹಸಿರು ಜೀರುಂಡೆ, ದೊಡ್ಡಪ್ಪ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರ ಮರಿ ತೊಗಟೆ ಕೆಳಗೆ ಸೇರ್ಕೊಂಡು ತಿನ್ನುತ್ತೆ. ದಕ್ಷಿಣದಲ್ಲಿ ಅದು ಹೋದ ಕಡೆ ಒಂದು ಆ್ಯಶ್ ಮರಾನೂ ಉಳಿದಿಲ್ಲ. ಬಿಳಿದೂ ಇಲ್ಲ, ನಮ್ಮದೂ ಇಲ್ಲ."

"ನಮ್ಮದು ಜೌಗಿನ ಮರ. ಕಾಲು ನೀರಲ್ಲಿಟ್ಕೊಂಡು ನಿಂತಿರುತ್ತೆ. ಹುಳಕ್ಕೆ ಈಜು ಬರುತ್ತಾ?"

"ಅದು ಹಾರುತ್ತೆ."

ಅಜ್ಜಿ ನಕ್ಕರು. ಅಜ್ಜ ನಗಲಿಲ್ಲ.

ರೊಂಡಾ ನಿಧಾನವಾಗಿ ಹೇಳಿದಳು. "ಕಾಂಡಕ್ಕೆ ಚುಚ್ಚೋ ಔಷಧಿ ಬಂದಿದೆ. ಕಾಡಿಗೆಲ್ಲ ಆಗಲ್ಲ, ಕೆಲವು ಮರಕ್ಕೆ ಆಗುತ್ತೆ. ಬೀಜಕ್ಕೆ ಅಂತ ಒಳ್ಳೆ ಮರ ಕೆಲವು ಉಳಿಸ್ಕೊಂಡ್ರೆ ಸಾಕು. ಆದ್ರೆ ಮರ ಗಟ್ಟಿಯಾಗಿರೋವಾಗಲೇ ಚುಚ್ಚಬೇಕು. ಹುಳ ತಿಂದು ನೀರು ಏರೋದು ನಿಂತ್ಮೇಲೆ ಔಷಧಿನೂ ಏರಲ್ಲ. ಬೇರೆಯವರ ಜೌಗು ನೋಡಿದೆ. ಎಲ್ಲ ಬಡಕಲು ಮರ. ನಿಮ್ಮದೇ ಆಗಬೇಕು."

"ನನಗೆ ಜೌಗಿದೆ ಅಂತ ಯಾರು ಹೇಳಿದ್ರು?"

"ಮದುವೆಯಾದಾಗಿಂದ ನಾನು ಕೆಸರು ಒರೆಸ್ತಾ ಇದ್ದೀನಿ" ಎಂದರು ಅಜ್ಜಿ. "ಮರಳುಗಾಡಿಂದ ಬರ್ತಿದ್ರಾ ಇವರು?"

"ನಾನು ಒಬ್ಬಳೇ ಬರ್ತೀನಿ ದೊಡ್ಡಪ್ಪ. ಕಚೇರಿಯ ನಕ್ಷೆಯಲ್ಲೂ ಗುರುತು ಹಾಕಲ್ಲ."

"ನಿಮ್ಮಪ್ಪನೂ ಒಬ್ಬನೇ ಬಂದಿದ್ದ."

ಒಲೆಯಲ್ಲಿ ಕಟ್ಟಿಗೆ ಒಂದು ಕಡೆಗೆ ಜರುಗಿತು. ಅಜ್ಜಿ ಕೈಯಲ್ಲಿದ್ದ ಪಟ್ಟಿಯನ್ನು ಮತ್ತೆ ನೀರಿನಲ್ಲಿ ಅದ್ದಿದರು. ಅದು ಆಗಲೇ ನೆಂದಿತ್ತು.

"ಅಪ್ಪ ಸತ್ತು ಮಣ್ಣಾಗಿದ್ದಾನೆ" ಎಂದಳು ರೊಂಡಾ.

"ಮರಗಳೂ ಮಣ್ಣಾದ್ವು."

"ಸರಿ. ಹಾಗಾದ್ರೆ ನೀವೇ ಹೋಗಿ ನೋಡ್ಕೊಂಡು ಬನ್ನಿ. ಮೊದಲು ತೊಗಟೆ ನೋಡಿ. ಮೇಲಿನಿಂದ..."

"ರೊಂಡಾ" ಎಂದು ಅಜ್ಜ ಕೈ ಎತ್ತಿದರು. ದನಿ ಏರಿಸಲಿಲ್ಲ. "ಬುಟ್ಟಿಮರದ ತೊಗಟೆ ಹೇಗೆ ನೋಡಬೇಕು ಅಂತ ನನಗೆ ಹೇಳ್ಕೊಡ್ತೀಯಾ ಮಗಳೇ?"

ರೊಂಡಾ ಮುಂದೆ ಹೇಳಲಿಲ್ಲ. ನಮ್ಮಲ್ಲಿ ಹಿರಿಯರು ಹಾಗೆ ಕೈ ಎತ್ತಿದ ಮೇಲೆ ಮಾತು ಮುಂದುವರಿಸುವುದಿಲ್ಲ. ಅವಳು ಬಟ್ಟಲು ತೊಳೆದಿಟ್ಟು, ದೊಡ್ಡಮ್ಮನ ಕೆನ್ನೆಗೆ ಮುತ್ತು ಕೊಟ್ಟು ಹೋದಳು.

ಜೂನ್ ಕೊನೆಯಲ್ಲಿ, ಬುಟ್ಟಿಮರಕ್ಕೂ ಎಲೆ ಬಂದಿರುತ್ತದೆ ಎಂದು ಖಾತ್ರಿಯಾದ ಮೇಲೆ ಅಜ್ಜ ಜೌಗಿಗೆ ಹೋದರು. ಅಲ್ಲಿ ಅವರು ಕಂಡದ್ದನ್ನು ನಾನು ನೋಡಿಲ್ಲ. ಅವರು ಮನೆಗೆ ಬಂದು ಅಜ್ಜಿಗೆ ಹೇಳುವಾಗ ನಾನು ಮೆಟ್ಟಿಲ ಮೇಲಿದ್ದೆ, ಆದ್ದರಿಂದ ಅವರ ಮಾತುಗಳನ್ನೇ ಬರೆಯುತ್ತೇನೆ. ಮೊಣಕಾಲಿನವರೆಗೂ ಕೆಸರಾಗಿತ್ತು. ಊರುಗೋಲನ್ನು ಗಾಡಿಯಲ್ಲೇ ಮರೆತು ಬಂದಿದ್ದರು.

"ಮುದುಕಿ, ಚಹಾ ಇಡು! ಮರಗಳು ಮದುವಣಗಿತ್ತಿಯರ ಥರ ನಿಂತಿವೆ ಕಣೇ."

"ಗಂಡು ಯಾರು, ನೀವಾ? ಸೊಂಟ ಜೋಪಾನ."

"ತಮಾಷೆ ಅಲ್ಲ. ತೊಗಟೆ ನೋಡ್ಬೇಕಿತ್ತು ನೀನು. ಹೊರಗಿನ ಬೂದು ಎಲ್ಲ ತಾನಾಗೇ ಉದುರಿ ಒಳಗಿನ ಬಣ್ಣ ಕಾಣ್ತಿದೆ, ಬೆಣ್ಣೆ ಸವರಿದ ಹಾಗೆ. ತೊಗಟೆ ಸುಲಭವಾಗಿ ಬಿಡೋ ಮರ ಪಟ್ಟಿನೂ ಸುಲಭವಾಗಿ ಬಿಡುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ. ಅಂಥದ್ದು ಜೀವಮಾನದಲ್ಲಿ ಒಂದೋ ಎರಡೋ ಸಿಕ್ಕಿತ್ತು ನನಗೆ. ಈಗ ಜೌಗಿಗೆ ಜೌಗೇ ಹಾಗಿದೆ. ಬುಡದಿಂದ ಚಿಗುರು ಎದ್ದಿದೆ, ಒಂದೊಂದು ಕಿರುಎಲೆ ನನ್ನ ಅಂಗೈ ಅಗಲ. ಮುದಿ ಮರಕ್ಕೆ ಯೌವನ ಬಂದಿದೆ. ಇನ್ನು ಕಾಯಿ! ಕೊಂಬೆ ಬಗ್ಗಿ ಹೋಗಿದೆ, ಗೊಂಚಲು ಗೊಂಚಲು."

"ಮೇಲೆ ಎಲೆ ಹೇಗಿದೆ?"

"ತುದಿಯಲ್ಲಿ ಇನ್ನೂ ತೆಳ್ಳಗಿದೆ. ಅದು ಯಾವತ್ತಿದ್ರೂ ಕೊನೆಗೆ ಉಟ್ಕೊಳ್ಳೋ ಮರ ಅಲ್ವಾ. ಮರಕುಟಿಗಗಳು ನೋಡು, ಅಷ್ಟೊಂದು ನಾನು ನೋಡೇ ಇಲ್ಲ. ಕಾಡೆಲ್ಲ ಟಕಟಕ. ಅವಕ್ಕೂ ಸಂಭ್ರಮ."

ಸೊಂಟ ಮುರಿದ ಮೇಲೆ ಅಜ್ಜ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಜ್ಜಿ ಚಹಾಕ್ಕೆ ಡಬ್ಬಿ ಹಾಲು ಧಾರಾಳವಾಗಿ ಸುರಿದರು. ಸ್ವಲ್ಪ ಹೊತ್ತಿನ ಮೇಲೆ, "ಆ ಹುಡುಗಿಗೂ ಒಂದು ಮಾತು ಹೇಳಿ. ಅವಳ ಎದೆನೂ ಹಗುರಾಗ್ಲಿ" ಎಂದರು.

ಅಜ್ಜ ಬಟ್ಟಲಿನೊಳಗೆ ನೋಡುತ್ತ ಕೂತರು.

"ಮಾತು ಯಾಕೆ, ದಾರಿನೇ ಹೇಳ್ತೀನಿ" ಎಂದರು. "ಮರ ಇಷ್ಟು ಕೊಡ್ತಿರೋವಾಗ ನಾನು ಹಿಡ್ಕೊಂಡು ಕೂತ್ರೆ ಚೆನ್ನಾಗಿರಲ್ಲ. ನೋಯೆಲ್ ಮಾಡಿದ್ದಕ್ಕೆ ಅವಳೇನು ಮಾಡ್ತಾಳೆ. ಸೇಂಟ್ ಆ್ಯನ್ ಹಬ್ಬಕ್ಕೆ ಮುಂಚೆ ಒಂದು ದಿಮ್ಮಿ ತರ್ತೀನಿ. ಇಬ್ಬರೂ ಬಡೀತೀವಿ. ಕ್ರಮ ಪ್ರಕಾರ ಆಗ್ಲಿ."

ಚರ್ಚಿನ ಸಂತರಲ್ಲಿ ಸೇಂಟ್ ಆ್ಯನ್ ನಮ್ಮ ಜನರಿಗೆ ಅಜ್ಜಿಯ ಹಾಗೆ. ಜುಲೈ ಕೊನೆಯಲ್ಲಿ ಅವಳ ಹಬ್ಬ. ಅದಕ್ಕೆ ಒಂದು ವಾರ ಮುಂಚೆ ಅಜ್ಜ ತೆಳು ಮರವೊಂದನ್ನು ಕಡಿದು, ಕಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಪುಟ್ಟ ಗಾಡಿಯ ಹಿಂದೆ ಕಟ್ಟಿ ಎಳೆದು ತಂದರು. ಅದನ್ನು ಅಂಗಳದಲ್ಲಿ ಎರಡು ಕವೆಗಳ ಮೇಲೆ ಮಲಗಿಸಿ, ಒದ್ದೆ ಗೋಣಿ ಹೊದಿಸಿದರು. ರೊಂಡಾಳಿಗೆ ಅಜ್ಜಿ ಫೋನ್ ಮಾಡಿ, "ಕೊಡಲಿ ತಗೊಂಡು ಬರಬೇಕಂತೆ" ಎಂದಷ್ಟೇ ಹೇಳಿದರು. ಅವಳು ಅತ್ತಳು ಎಂದು ಅಜ್ಜಿ ಹೇಳಿದರು.

ಅವಳು ಬಂದಾಗ ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಅವಳ ಕೈಯಲ್ಲಿದ್ದ ಕೊಡಲಿಯನ್ನು ನೋಡಿದರು. ಅದು ನೋಯೆಲ್‌ನದು. ಹಿಂಬದಿ ಬಡಿದು ಬಡಿದು ದುಂಡಗೆ ಸವೆದಿತ್ತು.

"ಕಾವು ಹೊಸದಾ?"

"ಹ್ಞೂಂ ದೊಡ್ಡಪ್ಪ. ಬಿಳಿ ಆ್ಯಶ್."

"ಸರಿಯಾದ ಮರ ಹಾಕಿದ್ದೀಯ" ಎಂದು ಅಜ್ಜ ದಿಮ್ಮಿಯ ಮೇಲಿನ ಗೋಣಿಯನ್ನು ಎಳೆದರು.

ರೊಂಡಾ ನಡೆಯುತ್ತಿದ್ದವಳು ನಿಂತಳು. ದಿಮ್ಮಿಯ ಬೂದು ತೊಗಟೆಯಲ್ಲಿ ಅಲ್ಲಲ್ಲಿ ಅಂಗೈಯಗಲ ತಿಳಿ ಹಳದಿ ಮಚ್ಚೆಗಳಿದ್ದವು. ಅವಳಿಗೆ ಏನು ಅರ್ಥವಾಯಿತು ಎಂದು ನನಗೆ ಆಗ ತಿಳಿಯಲಿಲ್ಲ. ಅಜ್ಜ ಬೆನ್ನು ಹಾಕಿದ್ದರು. ಅವರು ತೊಗಟೆಯ ಅಂಚಿಗೆ ಚಾಕು ಸಿಕ್ಕಿಸಿ ಮೀಟಿದರು. ಚಾಕು ಬೇಕೇ ಆಗಲಿಲ್ಲ. ಒಂದು ಮೊಳ ಉದ್ದದ ತೊಗಟೆ ಹಾಗೇ ಕೈಗೆ ಬಂತು.

"ನೋಡಿದ್ಯಾ! ಕೋಟು ಕಳಚಿದ ಹಾಗೆ" ಎಂದು ನಗುತ್ತ ತಿರುಗಿದರು. ರೊಂಡಾಳ ಮುಖ ನೋಡಿದರು. ಆಮೇಲೆ ದಿಮ್ಮಿಯ ಕಡೆ ನೋಡಿದರು.

ತೊಗಟೆಯಡಿ ಬಿಳುಪಾಗಿ, ಒದ್ದೆಯಾಗಿ, ನುಣ್ಣಗೆ ಇರಬೇಕಾಗಿದ್ದ ಮರದ ಮೈಮೇಲೆ ತುಂಬ ಗೆರೆಗಳಿದ್ದವು. ಹಾವು ಹರಿದ ಹಾಗೆ ಆ ಕಡೆ ಈ ಕಡೆ ತಿರುಗುತ್ತ, ಒಂದರ ಮೇಲೊಂದು ಹಾದು ಹೋಗಿದ್ದವು. ಗೆರೆಗಳ ತುಂಬ ನಯವಾದ ಹೊಟ್ಟು ತುಂಬಿತ್ತು. ಒಂದರ ಕೊನೆಯಲ್ಲಿ ಚಪ್ಪಟೆಯಾದ ಬಿಳಿ ಹುಳು ಬಿಸಿಲು ತಾಗಿ ಮೈ ಮುದುರಿಕೊಂಡಿತು. ಕೈಯಲ್ಲಿದ್ದ ತೊಗಟೆಯಲ್ಲಿ ಪುಟ್ಟ ತೂತುಗಳಿದ್ದವು, ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚಪ್ಪಟೆ, ಅರ್ಧ ಚಂದ್ರನ ಹಾಗೆ.

ಅಜ್ಜ ಹೆಬ್ಬೆರಳನ್ನು ಒಂದು ಗೆರೆಯೊಳಗಿಟ್ಟು, ಅದು ತಿರುಗಿದ ಕಡೆಗೆಲ್ಲ ನಿಧಾನವಾಗಿ ಒಯ್ದರು.

"ಇದೇನಾ?"

"ಹೌದು ದೊಡ್ಡಪ್ಪ."

"ನೀನು ಆಗಲೇ ನೋಡ್ದೆ. ಗೋಣಿ ತೆಗೆದ ತಕ್ಷಣ."

"ಹೌದು."

"ಹೇಗೆ ಗೊತ್ತಾಯ್ತು?"

"ತೊಗಟೆ ಬೆಳ್ಳಗಾಗಿರೋದು ನೋಡಿ. ಅದು ತಾನಾಗೇ ಉದುರಿದ್ದಲ್ಲ. ಒಳಗಿರೋ ಹುಳಕ್ಕೆ ಮರಕುಟಿಗ ಕುಕ್ಕಿ ಕುಕ್ಕಿ ಉದುರಿಸುತ್ತೆ."

"ಬುಡದಿಂದ ಚಿಗುರು ಎದ್ದಿತ್ತಲ್ಲ. ಅಷ್ಟಗಲ ಎಲೆ."

"ಮೇಲಿಂದ ಊಟ ಇಳಿಯೋದು ನಿಂತಾಗ ಬೇರು ಕೊನೆ ಸಲ ಹಾಗೆ ಮಾಡುತ್ತೆ."

ಕೊನೆಯದನ್ನು ಕೇಳಲು ಅಜ್ಜನಿಗೆ ಇಷ್ಟವಿರಲಿಲ್ಲ ಎಂದು ಕಾಣುತ್ತದೆ. ಆದರೂ ಕೇಳಿದರು.

"ಕಾಯಿ?"

"ಕೆಲವು ಮರ ಸಾಯೋ ಮುಂಚೆ ಹಾಗೆ ಬಿಡ್ತವೆ, ದೊಡ್ಡಪ್ಪ."

"ನೀನು ಫೆಬ್ರವರಿಯಲ್ಲಿ ಇದನ್ನೇ ಹೇಳಕ್ಕೆ ಬಂದೆ."

ರೊಂಡಾ ಕೊಡಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಅಜ್ಜ ಆದರೂ ಬಡಿದರು. ರೊಂಡಾ ಇನ್ನೊಂದು ತುದಿಗೆ ನಿಂತು ಬಡಿದಳು. ಹೊರಗಿನ ಪಟ್ಟಿ ಏಳುತ್ತ ಏಳುತ್ತ, ಹುಳು ಗೆರೆ ಎಳೆದಲ್ಲೆಲ್ಲ ಲಟಕ್ ಎಂದು ಮುರಿಯಿತು. ಗೇಣುದ್ದದ ಚೂರುಗಳು ಹುಲ್ಲಿನ ಮೇಲೆ ಬಿದ್ದವು. ಅದರ ಕೆಳಗಿನ ವರ್ಷವೂ ಮುರಿಯಿತು. ಅದಕ್ಕೂ ಕೆಳಗಿನದು, ಹುಳು ಬರುವ ಮುಂಚಿನದು, ಉದ್ದಕ್ಕೆ ಎದ್ದಿತು, ರೇಷ್ಮೆಯ ಹಾಗೆ. ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಮಡಿಲಲ್ಲಿ ಸುತ್ತಿಟ್ಟುಕೊಂಡರು. "ಇದು ಚೆನ್ನಾಗಿದೆ" ಎಂದರು. ಮುರಿದ ಚೂರುಗಳನ್ನೂ ತೊಗಟೆಯನ್ನೂ ರೊಂಡಾ ಒಂದೂ ಬಿಡದೆ ಬಾಚಿ ಅಂಗಳದ ಮೂಲೆಯಲ್ಲಿ ಸುಟ್ಟಳು. ಹುಳು ಉಳಿಯಬಾರದಲ್ಲ.

ಮೊದಲ ಪಟ್ಟಿ ಮುರಿಯದೆ ಏಳಲಿಲ್ಲವಾದ್ದರಿಂದ ದಾರಿ ಹೇಳುವ ಹಾಗಿರಲಿಲ್ಲ. ಆದರೆ ಮರುದಿನ ಬೆಳಗ್ಗೆ ಅಜ್ಜ ರೊಂಡಾಳನ್ನು ಕರೆದುಕೊಂಡು ಜೌಗಿಗೆ ಹೋದರು.

ಅಲ್ಲಿ ಆದದ್ದನ್ನು ರೊಂಡಾ ಆಮೇಲೆ ಹೇಳಿದಳು. ಜೌಗು ತಲುಪಿದ ಮೇಲೆ ಅವಳು ಒಂದೊಂದೇ ಮರದ ಹತ್ತಿರ ಹೋಗಿ ತಲೆ ಎತ್ತಿ ನೋಡಿದಳು. ಅಜ್ಜನಿಗೆ ಅಷ್ಟು ಹೊತ್ತು ಕುತ್ತಿಗೆ ಎತ್ತಿ ನೋಡಲಾಗುವುದಿಲ್ಲ. ಅವರು ಅವಳ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ಹೋದರು. ಪ್ರತಿ ಮರದ ಹತ್ತಿರವೂ "ಇದು?" ಎಂದು ಕೇಳುತ್ತಿದ್ದರಂತೆ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ಔಷಧಿ ಚುಚ್ಚಿದರೆ ಏರಬಹುದಾದ ಮರ ಒಂದಾದರೂ ಸಿಕ್ಕೀತೆಂದು ಅವಳು ನೀರು ಮೊಣಕಾಲು ಮೀರುವ ಕಡೆಗೂ ಹೋಗಿ ನೋಡಿದಳು. ಸಿಗಲಿಲ್ಲ. ಹುಳ ಯಾರ ಕಣ್ಣಿಗೂ ಬೀಳುವ ಮುಂಚೆಯೇ ಇಲ್ಲಿ ಸೇರಿತ್ತು, ಎರಡು ವರ್ಷ ಮುಂಚೆ ಬಂದಿದ್ದರೆ ಹತ್ತಿಪ್ಪತ್ತು ಮರ ಸಿಗುತ್ತಿದ್ದವೇನೋ ಎಂದು ನನಗೆ ಹೇಳಿದಳು. ಅಜ್ಜನಿಗೆ ಹೇಳಲಿಲ್ಲ.

ಕಾಯಿ ಮಾಗಿದ ಮೇಲೆ ಅವಳು ಮತ್ತೆ ಹೋಗಿ ಕೈಗೆ ಸಿಕ್ಕಷ್ಟು ಬಿಡಿಸಿ ತಂದಳು. ಉಗುರಿನಿಂದ ಸೀಳಿ ನೋಡಿದರೆ ಬಹಳಷ್ಟು ಜೊಳ್ಳು. ಉಳಿದವನ್ನು ಮರಳಿನಲ್ಲಿ ಹೂತಿಟ್ಟಳು. ಬುಟ್ಟಿಮರದ ಬೀಜ ಎರಡು ಚಳಿಗಾಲ ಮಲಗದೆ ಏಳುವುದಿಲ್ಲ.

"ಎದ್ದ ಮೇಲೆ?" ಎಂದು ಅಜ್ಜ ಕೇಳಿದರು.

"ಬೆಳೆಸ್ತೀವಿ."

"ಕಾಂಡ ಎಷ್ಟು ದಪ್ಪ ಆದ್ರೆ ಹುಳ ಹಿಡಿಯುತ್ತೆ?"

ರೊಂಡಾ ಅಜ್ಜನ ಹೆಬ್ಬೆರಳಿನ ಕಡೆ ನೋಡಿ, "ಇಷ್ಟೇ" ಎಂದಳು. ಅಜ್ಜ ತಲೆಯಾಡಿಸಿ ಎದ್ದು ಹೋದರು.

ಆ ಶರತ್ಕಾಲದಿಂದ ಅಜ್ಜ ದಾರಿ ಹೇಳಲು ಶುರುಮಾಡಿದರು. ಮೊದಲು ಅಜ್ಜಿಗೆ ಹೇಳಿ, ಆಮೇಲೆ ನನ್ನನ್ನು ಕರೆದು ಹೇಳಿದರು. ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ಆಲೂಗಡ್ಡೆ ಹೊಲದ ಒಬ್ಬ ರೈತ, "ಏನಜ್ಜ, ಸೊಂಟ ಹೇಗಿದೆ?" ಎಂದು ಕೇಳಿದ. ಅಜ್ಜ ಅವನ ತೋಳು ಹಿಡಿದುಕೊಂಡರು.

"ಹಳೆ ರೈಲು ಹಾದಿಯಲ್ಲಿ ಹೋಗಿ, ಬೀವರ್ ಪ್ರಾಣಿ ಕಟ್ಟಿರೋ ಕಟ್ಟೆ ದಾಟಿ. ಎಡಕ್ಕೆ ಸೀಡರ್ ಮರದ ಸಾಲು ಸಿಗುತ್ತೆ. ಅದರ ಬೆನ್ನಿಗೇ ಹೋದ್ರೆ ಎರಡು ಕವಲಿನ ಬರ್ಚ್ ಮರ, ಬಲಗಡೆ ಕೊಂಬೆ ಮುರಿದಿದೆ. ಅಲ್ಲಿಂದ ನೀರು ಶುರು. ನೀರಲ್ಲಿ ನಿಂತಿರೋದೆಲ್ಲ ಬುಟ್ಟಿಮರ."

"ಸರಿ ಅಜ್ಜ" ಎಂದ ಅವನು, ಪಕ್ಕದವನ ಮುಖ ನೋಡಿ.

ಚರ್ಚಿನ ಮೆಟ್ಟಿಲ ಮೇಲೂ, ಔಷಧಿ ಅಂಗಡಿಯಲ್ಲೂ ಅದನ್ನೇ ಹೇಳಿದರು. ಬೇರೆ ಬುಟ್ಟಿ ಮನೆತನದವರಿಗೂ ಹೇಳಿದರು. ಅವರು ನೆಲ ನೋಡಿದರು. ಅವರವರ ಜೌಗುಗಳೂ ಹಾಗೆಯೇ ಆಗಿದ್ದವು. ಅಜ್ಜಿಗೆ ತಡೆಯಲಾಗಲಿಲ್ಲ.

"ಸುಮ್ನಿರಿ ಅಂದ್ರೆ. ಜೀವಮಾನ ಎಲ್ಲ ನನಗೇ ಹೇಳದೆ, ಈಗ ದಾರೀಲಿ ಹೋಗೋರನ್ನೆಲ್ಲ ಹಿಡ್ಕೊಂಡು ಹೇಳ್ತೀರ. ಯಾರಿಗೆ ಬೇಕು ಅದು?"

"ಯಾರಿಗಾದ್ರೂ ಬೇಕಾಗಬಹುದು" ಎಂದರು ಅಜ್ಜ.

ಒಬ್ಬನಿಗೆ ಬೇಕಾಯಿತು. ಹಿಮ ಬಿದ್ದು ಜೌಗು ಹೆಪ್ಪುಗಟ್ಟಿದ ಮೇಲೆ ಬಂಕಿನ ಆ ರೈತ ಪಿಕಪ್ ಗಾಡಿಯಲ್ಲಿ ಅಜ್ಜನ ಅಂಗಳಕ್ಕೆ ಬಂದ. ಹಿಂದೆ ಸೀಳಿದ ಕಟ್ಟಿಗೆ ತುಂಬಿತ್ತು.

"ನೀವು ಹೇಳಿದ ಜಾಗ ಸಿಕ್ತು ಅಜ್ಜ. ಒಂದು ತಪ್ಪಿಲ್ಲದ ಹಾಗೆ ಹೇಳಿದ್ರಿ, ಕವಲು ಬರ್ಚ್ ಸಮೇತ. ನಿಂತಲ್ಲೇ ಒಣಗಿದೆ ಎಲ್ಲ. ಒಣ ಆ್ಯಶ್ ಅಂದ್ರೆ ಒಲೆಗೆ ಅದಕ್ಕಿಂತ ಒಳ್ಳೇದಿಲ್ಲ, ಹೊಗೆನೇ ಬರಲ್ಲ. ನಿಮಗೂ ಒಂದು ಪಾಲು ತಂದೆ. ನ್ಯಾಯ ಅಲ್ವಾ?"

"ನ್ಯಾಯನೇ" ಎಂದರು ಅಜ್ಜ. "ಒಳ್ಳೇದಾಯ್ತಪ್ಪಾ."

ಅವನು ಕಟ್ಟಿಗೆಯನ್ನು ಗೋಡೆಗೆ ಒಟ್ಟಿ ಹೋದ. ಅಜ್ಜ ಒಲೆಗೆ ಹಾಕಲು ಒಂದನ್ನು ಎತ್ತಿಕೊಂಡರು. ಅಭ್ಯಾಸಬಲದಿಂದ ಕೈಗವಸು ತೆಗೆದು ಹೆಬ್ಬೆರಳನ್ನು ಅದರ ಮೇಲಿಟ್ಟರು. ಒತ್ತಿ ನೋಡಲು ತೊಗಟೆ ಇರಲಿಲ್ಲ. ಬರೀ ಗೆರೆಗಳಿದ್ದವು. ಅವರು ಆ ಚಳಿಯಲ್ಲಿ ಬರಿಗೈಯಲ್ಲಿ ಅದನ್ನು ಹಿಡಿದುಕೊಂಡು, ಅಜ್ಜಿ ಬಾಗಿಲು ತೆರೆದು ಕೂಗುವವರೆಗೂ ಅಲ್ಲೇ ನಿಂತಿದ್ದರು.